ಮೊಟ್ಟೆಯಲ್ಲೇ ಬಂದದ್ದು

"ಯಾವಳೇ ಅವಳು, ಹುಳದ ಮನೆ ಬಾಗಿಲಲ್ಲಿ ನಿಂತಿರೋ ಮುಂಡೆ? ಮೊದ್ಲು ಆಚೆಗೆ ಎಳೀರಿ ಅವಳ್ನ."

ಸೋದಿಕ್ ರಯಿಸ್ ಜೀಪಿನಿಂದ ಇಳಿಯುವ ಮೊದಲೇ ಅವನ ಬೈಗುಳ ಅಂಗಳಕ್ಕೆ ಇಳಿದಿತ್ತು. ಸನೋಬರ್ ನಿಂತದ್ದು ಹೊಸ್ತಿಲ ಆಚೆಗೇ. ತಲೆಯ ಮೇಲೆ ಹಿಪ್ಪುನೇರಳೆ ಕೊಂಬೆಗಳ ಹೊರೆ, ಕುತ್ತಿಗೆ ತುಂಬ ಬೆವರು. ಹೊಸ್ತಿಲು ದಾಟುವ ಭಾಗ್ಯ ಅವಳಿಗೆ ಯಾವತ್ತೂ ಇರಲಿಲ್ಲ. ಕಾಲುವೆ ದಂಡೆಯ ಮರ ಹತ್ತಿ ಕೊಂಬೆ ಕಡಿಯಬೇಕು, ಹೊತ್ತು ತರಬೇಕು, ಬಾಗಿಲಲ್ಲಿ ಇಳಿಸಬೇಕು, ಒಳಗೆ ಇಣುಕದೆ ಮುಖ ತಿರುಗಿಸಿಕೊಂಡು ಹೋಗಬೇಕು. ಹುಳು ಸಾಕುವ ಮನೆಯಲ್ಲಿ ಬಂಜೆಗೆ ಇದ್ದ ಕೆಲಸ ಅಷ್ಟೇ.

ಯಂಗಿಅರಿಕ್ ಊರಿನಲ್ಲಿ ವಸಂತ ಬಂತೆಂದರೆ ಮನುಷ್ಯರು ಮನೆ ಬಿಡುತ್ತಾರೆ, ರೇಷ್ಮೆ ಹುಳುಗಳು ಮನೆ ಸೇರುತ್ತವೆ. ಒಲೆಯಿರುವ ಕೋಣೆ, ಒಣಗಿದ ಸೌದೆ, ಹೆಂಗಸರ ನಿದ್ದೆ, ಎಲ್ಲ ಹುಳುಗಳ ಪಾಲು. ಮಕ್ಕಳು ಮುದುಕರು ಅಂಗಳದ ಏಪ್ರಿಕಾಟ್ ಮರದ ಕೆಳಗೆ ರಜಾಯಿ ಹೊದ್ದು ಕೆಮ್ಮುತ್ತಾ ಮಲಗುತ್ತಾರೆ. ರೇಷ್ಮೆ ಕಂಪನಿ ಮೊಟ್ಟೆ ಕೊಡುತ್ತದೆ, ಗೂಡು ಕೇಳುತ್ತದೆ. ಗೂಡು ಬರಲಿಲ್ಲವೆಂದರೆ ಮನೆ ಹಿಂದಿನ ಆಲೂಗಡ್ಡೆ ಹೊಲ ಕೈಬಿಟ್ಟಿತೆಂದೇ ತಿಳಿಯಬೇಕು. ಆ ಹೊಲ ಕೊಡುವವನೂ ಕಿತ್ತುಕೊಳ್ಳುವವನೂ ಸೋದಿಕ್. ಊರಿನ ರಯಿಸ್, ಅಂದರೆ ಅಧ್ಯಕ್ಷ, ಅವನೇ. ಕಂಪನಿಯ ಮನುಷ್ಯನೂ ಅವನೇ.

ಸೋದಿಕ್ ಹುಳದ ಕೋಣೆಗೆ ಹೋದವನು ಮೂಗು ಮುಚ್ಚಿಕೊಂಡು ಹೊರಗೆ ಬಂದ. ಮೂರನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಏಳಬೇಕಿದ್ದ ಹುಳುಗಳು ಎದ್ದಿರಲಿಲ್ಲ. ಒಂದು ಬೆರಳುದ್ದ ಇದ್ದರೆ ಇನ್ನೊಂದು ಉಗುರುದ್ದ. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ. ತಟ್ಟೆಗೆ ತಟ್ಟೆಯೇ ಕೊಳೆತು ನಾರುತ್ತಿತ್ತು.

"ಏನವ್ವ ಮತ್ಲುಬಾ," ಎಂದು ಅವನು ಸನೋಬರಳ ಅತ್ತಿಗೆಯ ಕಡೆ ತಿರುಗಿದ. "ಕಂಪನಿ ಚಿನ್ನದಂಥ ಮೊಟ್ಟೆ ಕೊಟ್ಟಿತ್ತು. ಹೊತ್ತೊತ್ಗೆ ಸೊಪ್ಪು ಹಾಕೋಕೆ ನಿಂಗೇನು ದಾಡಿ?"

"ಹಾಕಿವ್ನಿ ರಯಿಸ್. ನಿದ್ದೆಗೆಟ್ಟು ಹಾಕಿವ್ನಿ. ಬೇಕಾದ್ರೆ ನನ್ ಕೈ ನೋಡಿ, ಹೆಂಗೆ ಸೀಳೈತೆ."

"ಹಂಗಾದ್ರೆ ಕಣ್ಣು ಬಿದ್ದೈತೆ. ಇಂಥವಳ್ನ ಮನೇಲಿಟ್ಕೊಂಡು ಹುಳ ಸಾಕ್ತೀಯಲ್ಲ, ನಿನ್ ತಲೇಲಿ ಲದ್ದಿ ಐತಾ? ಗಂಡ ಓಡಿಸವ್ನೆ. ಹೊಟ್ಟೇಲಿ ಒಂದು ಹುಳ ಹುಟ್ಟಲಿಲ್ಲ. ಹುಟ್ಟೋದು ಬೆಳೆಯೋದು ಕಂಡ್ರೆ ಉರೀತದೆ ಈ ಹಾಳಾದೋಳಿಗೆ."

ಗೋಡೆಯ ಮೇಲೆ ಅಕ್ಕಪಕ್ಕದವರ ತಲೆಗಳು ಎದ್ದವು. ಮತ್ಲುಬಾ ಒಳಗಿನಿಂದ ಒಂದು ತಟ್ಟೆ ಎತ್ತಿ ತಂದಳು. ಹೊಲ ಹೋಗುತ್ತದೆಂಬ ಭಯವೋ, ರಯಿಸನ ಬೈಗುಳ ತನ್ನ ಮೇಲಿಂದ ಜಾರಿ ಹೋಯಿತಲ್ಲ ಎಂಬ ನೆಮ್ಮದಿಯೋ, ತಟ್ಟೆಯಿಂದ ಸತ್ತ ಹುಳುಗಳನ್ನು ಹಿಡಿ ತುಂಬ ಬಾಚಿ ನಾದಿನಿಯ ಮುಖಕ್ಕೆ ಎರಚಿದಳು.

"ತೊಲಗೇ. ಮನೆಹಾಳಿ. ಗೂಡು ಕಟ್ಟೋ ತನಕ ಈ ಕಡೆ ಮುಖ ಹಾಕ್ಬೇಡ."

"ಹಂಗೇ ಹೋಗೋದಲ್ಲ," ಎಂದ ಸೋದಿಕ್. "ದಾರೀಲಿ ಇನ್ನೂ ಬೇರೆಯವರ ಹುಳ ಅವೆ. ಕಣ್ಣಿಗೆ ಬಟ್ಟೆ ಕಟ್ಕೊಂಡು ಹೋಗು."

ಸನೋಬರ್ ಹೊರೆ ಇಳಿಸಿ, ತಲೆವಸ್ತ್ರವನ್ನು ಮುಂದಕ್ಕೆ ಎಳೆದು ಕಣ್ಣಿನ ಮೇಲೆ ಬಿಗಿದು ಕಟ್ಟಿಕೊಂಡಳು. ಗೋಡೆ ತಡವುತ್ತಾ ಓಣಿಯಲ್ಲಿ ಹೆಜ್ಜೆ ಹಾಕಿದಳು. ಯಾರೋ ನಕ್ಕರು. ಯಾರೋ ಬಾಗಿಲು ಎಳೆದುಕೊಂಡರು. ಒಬ್ಬಳು ಒಲೆಯ ಬೂದಿ ತಂದು ಅವಳು ನಡೆದ ದಾರಿಗೆ ಎಸೆದಳು. ಅವಳಿಗೆ ಅಳು ಬರಲಿಲ್ಲ. ಇರಬಹುದು ಅಂತಲೇ ಅಂದುಕೊಳ್ಳುತ್ತಿದ್ದಳು. ಇಷ್ಟು ಜನ ಇಷ್ಟು ವರ್ಷದಿಂದ ಹೇಳುತ್ತಿದ್ದಾರೆ, ಇರಬಹುದು, ತನ್ನ ಕಣ್ಣಲ್ಲೇ ಏನೋ ಕೆಟ್ಟದ್ದು ಇರಬಹುದು.

ಓಣಿಯ ಕೊನೆಯಲ್ಲಿ, ಕಾಲುವೆಗೆ ಅಂಟಿಕೊಂಡು, ತುರ್ಸುನೋಯ್ ಅಜ್ಜಿಯ ಮನೆ. ಅಜ್ಜಿ ಹುಳು ಸಾಕುತ್ತಿರಲಿಲ್ಲ. ತಾನು ಹೋದರೆ ಹಾಳಾಗುವಂಥದ್ದು ಏನೂ ಇಲ್ಲದ ಮನೆ ಅದೊಂದೇ ಎಂದು ಸನೋಬರ್ ಅಲ್ಲಿಗೆ ಹೋದಳು.

"ಯಾರೇ ಅದು?" ಅಜ್ಜಿ ಒಳಗಿನಿಂದಲೇ ಗದರಿದಳು. "ಕಣ್ಣಾಮುಚ್ಚಾಲೆ ಆಡೋ ವಯಸ್ಸೇನೇ ನಿಂದು? ಬಿಚ್ಚು ಅದ್ನ. ನನ್ನ ಬಟ್ಟಲು ಗಿಟ್ಟಲು ಒಡೆದೀಯ."

ಸನೋಬರ್ ಬಿಚ್ಚಲಿಲ್ಲ. ನಿಂತಲ್ಲೇ ಕೇಳಿದಳು: "ಅಜ್ಜಿ, ನಂಗೆ ಕೆಟ್ಟ ಕಣ್ಣು ಐತಾ? ಸುಳ್ಳು ಹೇಳ್ಬೇಡ."

"ಇದ್ದಿದ್ರೆ ಸೋದಿಕ್ ಇಷ್ಟು ದಿನ ಬದುಕಿರ್ತಿದ್ನಾ?"

ಅಜ್ಜಿಯೇ ಬಂದು ಗಂಟು ಬಿಚ್ಚಿದಳು. ಬಟ್ಟೆಯ ಮಡಿಕೆಯಿಂದ ಸತ್ತ ಹುಳುಗಳು ಉದುರಿದವು. ಅಜ್ಜಿ ಒಂದನ್ನು ಎತ್ತಿ ಕಿಟಕಿಯ ಹತ್ತಿರ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. ಅವಳ ಬೈಗುಳ ನಿಂತುಹೋಯಿತು. "ಈ ಚುಕ್ಕೆ ಎಲ್ಲಾ ಹುಳದ ಮೇಲೂ ಐತಾ?" ಎಂದಳು. ಸನೋಬರ್ ತಾನು ಹುಳು ನೋಡುವ ಹಾಗಿಲ್ಲ ಎಂದಳು. "ನೋಡ್ದೇ ಇದ್ರೂ ಸಾಯಿಸೋ ಕಣ್ಣು ನಿಂದು, ಭೇಷ್," ಎಂದು ಅಜ್ಜಿ ಒಳಗೆ ಹೋಗಿ ರಜಾಯಿಗಳ ರಾಶಿಯ ಅಡಿಯಿಂದ ಒಂದು ಭಾರದ ಪೆಟ್ಟಿಗೆ ಎಳೆದು ತಂದಳು. ಒಳಗೆ ಹಿತ್ತಾಳೆಯ ಸೂಕ್ಷ್ಮದರ್ಶಕ, ಕಣ್ಣಿಗೆ ಕಾಣದ್ದನ್ನು ಹಿಗ್ಗಿಸಿ ತೋರಿಸುವಂಥದ್ದು; ಊರಿನವರ ಬಾಯಲ್ಲಿ ಅದೂ ದುರ್ಬೀನೇ.

"ಕದ್ದದ್ದಲ್ಲ," ಎಂದಳು ಅಜ್ಜಿ, ಕೇಳದಿದ್ದರೂ. "ನಾನು ದುಡೀತಿದ್ದ ಹುಳದ ಮೊಟ್ಟೆ ಕಾರ್ಖಾನೆ ಮುಚ್ಚಿದಾಗ ಸಂಬಳ ಕೊಡೋಕೆ ಅವರತ್ರ ಮಣ್ಣೂ ಇರಲಿಲ್ಲ. ಒಬ್ಬಳು ಬಾಗಿಲು ಹೊತ್ಕೊಂಡು ಹೋದ್ಲು. ಒಬ್ಬಳು ಪೈಪು ಕಿತ್ಕೊಂಡ್ಲು. ನಾನು ಜೀವಮಾನ ಎಲ್ಲ ಇದರೊಳಗೇ ಬಗ್ಗಿ ನೋಡಿದವಳು, ಇದ್ನೇ ತಂದೆ."

ಹುಳುವನ್ನು ಕಲ್ಲಿನ ಒರಳಲ್ಲಿ ಹಾಕಿ ನೀರು ಬಿಟ್ಟು ಅರೆದಳು. ಒಂದು ಹನಿ ಗಾಜಿನ ಮೇಲಿಟ್ಟು, ಕನ್ನಡಿ ಅತ್ತಿತ್ತ ತಿರುಗಿಸಿ ಬೆಳಕು ಹಿಡಿದಳು. ತಾನು ನೋಡಿ, ಒಂದು ಕೆಟ್ಟ ಮಾತು ಆಡಿ, ಪಕ್ಕಕ್ಕೆ ಸರಿದಳು. ಸನೋಬರ್ ಬಗ್ಗಿದಳು. ಮೊದಲು ಅವಳ ರೆಪ್ಪೆಯೇ ಅವಳಿಗೆ ಅಡ್ಡ ಬಂತು. ಆಮೇಲೆ ಬೆಳಕಿನ ಬಿಲ್ಲೆಯೊಳಗೆ ಅಕ್ಕಿ ಚೆಲ್ಲಿದ ಹಾಗೆ ಕಾಳು ಕಾಣಿಸಿತು. ಹೊಳೆಯುವ, ನಡುಗುವ, ಮುಗಿಯದಷ್ಟು ಕಾಳು.

"ಅದೇ ರೋಗ. ಗಂಟುರೋಗ. ತಾಯಿ ಚಿಟ್ಟೆ ಹೊಟ್ಟೇಲಿದ್ದದ್ದು ಮೊಟ್ಟೆಗೆ ಬತ್ತದೆ, ಮೊಟ್ಟೆಯಿಂದ ಹುಳಕ್ಕೆ ಬತ್ತದೆ. ಹುಳದ ಹಿಕ್ಕೆ ಸೊಪ್ಪಿಗೆ ಬಿದ್ರೆ ಪಕ್ಕದ ಹುಳಕ್ಕೂ ಹತ್ತದೆ. ನಾವು ಒಂದೊಂದು ತಾಯಿನೂ ಅರೆದು ನೋಡ್ತಿದ್ವಿ. ಕಾಳು ಕಂಡ್ರೆ ಅದರ ಮೊಟ್ಟೆ ಬೆಂಕಿಗೆ. ಈಗ ಯಾವನು ನೋಡ್ತಾನೆ? ಪೆಟ್ಟಿಗೆ ತುಂಬ್ತಾರೆ, ಕಳಿಸ್ತಾರೆ. ಸತ್ರೆ ನಿನ್ನಂಥವಳ ಕಣ್ಣು ಇದ್ದೇ ಐತಲ್ಲ."

"ಮೊಟ್ಟೇಲೇ ಬಂದಿತ್ತಾ?"

"ಮೊಟ್ಟೇಲೇ."

"ನಾನು ಆ ಬಾಗಿಲ ಹತ್ರ ಹೋಗೋಕೆ ಮುಂಚೆ?"

"ಪೆಟ್ಟಿಗೆ ಊರಿಗೆ ಬರೋಕೆ ಮುಂಚೆ ಕಣೇ."

ಸನೋಬರ್ ಮತ್ತೆ ಬಗ್ಗಿ ನೋಡಿದಳು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು. ಅಣ್ಣನ ಮಕ್ಕಳು ಹುಟ್ಟಿದಾಗ ತೊಟ್ಟಿಲಿಗೆ ಬಟ್ಟೆ ಮುಚ್ಚಿ ಅವಳಿಂದ ಬಚ್ಚಿಟ್ಟಿದ್ದರು. ಆ ಮಕ್ಕಳ ಮುಖವನ್ನು ಅವಳು ಸರಿಯಾಗಿ ನೋಡಿದ್ದು ಅವು ನಡೆಯಲು ಕಲಿತ ಮೇಲೆ. ಊಟಕ್ಕೆ ಕೂತರೆ ಗೋಡೆಗೆ ಮುಖ ಮಾಡುತ್ತಿದ್ದಳು. ಯಾರೂ ಹೇಳದಿದ್ದಾಗಲೂ ಹಾಗೇ ಮಾಡುತ್ತಿದ್ದಳು. ಊರು ನಂಬಿದ್ದಕ್ಕಿಂತ ಹೆಚ್ಚಾಗಿ ತಾನೇ ನಂಬಿದ್ದೆನಲ್ಲ ಎಂಬುದು ಅವಳ ಎದೆಯನ್ನು ಹೆಚ್ಚು ಸುಟ್ಟಿತು.

ರಾತ್ರಿ ಅಲ್ಲೇ ಕಳೆದು, ಮರುದಿನ ಬೆಳಿಗ್ಗೆ ಬರಿಗಣ್ಣಲ್ಲಿ ಓಣಿಯ ನಡುವೆ ನಡೆದು ಬಂದಳು. ಮತ್ಲುಬಾ ಬೇಲಿಯಾಚೆ ನಿಂತು ಹಿತ್ತಲು ನೋಡುತ್ತಿದ್ದಳು. ಅವಳ ಆಲೂಗಡ್ಡೆ ಹೊಲದಲ್ಲಿ ಸೋದಿಕ್ ಕಳಿಸಿದ ಟ್ರಾಕ್ಟರ್ ಓಡಾಡುತ್ತಿತ್ತು. ಹೂ ಬಿಡುತ್ತಿದ್ದ ಗಿಡಗಳು ಮಗುಚಿ ಬಿದ್ದಿದ್ದವು.

"ಬಾ ಅತ್ತಿಗೆ," ಎಂದು ಸನೋಬರ್ ಅವಳ ಕೈ ಹಿಡಿದಳು.

"ಬಿಡೇ ನನ್ನ. ಇನ್ನೇನು ಉಳಿದೈತೆ ಹಾಳು ಮಾಡೋಕೆ?"

"ನನ್ನ ಕಣ್ಣಿಗೆ ಹೆದರೋದಾದ್ರೆ ನಿನ್ನ ಕಣ್ಣಲ್ಲೇ ನೋಡು ಬಾ."

ಎಳೆದುಕೊಂಡೇ ಹೋದಳು. ಮತ್ಲುಬಾ ದುರ್ಬೀನಿಗೆ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಅಜ್ಜಿ ಮತ್ತೆ ಎಲ್ಲ ಹೇಳಿದಳು. ತಾಯಿ, ಮೊಟ್ಟೆ, ಹುಳು, ಹಿಕ್ಕೆ. ಎದ್ದ ಮೇಲೆ ಮತ್ಲುಬಾ ನಾದಿನಿಯ ಮುಖ ನೋಡಲಿಲ್ಲ, ಕ್ಷಮಿಸು ಅಂತಲೂ ಅನ್ನಲಿಲ್ಲ. "ಪಕ್ಕದ ಮನೆ ಶರಾಫತ್ ಹುಳಾನೂ ಹಿಂಗೇ ಸತ್ತವೆ," ಎಂದಳು. "ಅವಳು ಸೊಸೇಗೆ ಹೊಡೀತಾವ್ಳೆ, ನಿನ್ನ ಕಾಲ್ಗುಣ ಅಂತ. ಹೋಗಿ ಕರ್ಕೊಂಡು ಬತ್ತೀನಿ."

ಹೀಗೆ ಶುರುವಾಯಿತು. ಹೆಂಗಸರು ಒಬ್ಬೊಬ್ಬರೇ ಕರವಸ್ತ್ರದ ತುದಿಯಲ್ಲಿ ಸತ್ತ ಹುಳು ಗಂಟು ಹಾಕಿಕೊಂಡು, ರೊಟ್ಟಿ ಕೊಡಲು ಬಂದವರ ಹಾಗೆ ಅಜ್ಜಿಯ ಮನೆಗೆ ಬಂದರು. ಒಬ್ಬಳು ಮೈಲಿಗೆ ಎಂದು ಅತ್ತೆಯಿಂದ ಬೈಸಿಕೊಂಡಿದ್ದಳು. ಇನ್ನೊಬ್ಬಳ ಗಂಡ ಸೊಪ್ಪು ಒದ್ದೆಯಿತ್ತೆಂದು ಬೆನ್ನು ಮುರಿದಿದ್ದ. ಒಬ್ಬಳು ತಾಯತಕ್ಕೆ ಕುರಿ ಕೊಟ್ಟು ಬಂದಿದ್ದಳು. ಎಲ್ಲರ ಹನಿಯಲ್ಲೂ ಅದೇ ಕಾಳು. ಒಂದೆರಡು ಮನೆಯ ಹುಳುವಿನಲ್ಲಿ ಮಾತ್ರ ಹನಿ ತಿಳಿಯಾಗಿತ್ತು. ಅವು ಬೇರೆ ಪೆಟ್ಟಿಗೆಯಲ್ಲಿ ಬಂದ ಮೊಟ್ಟೆ. ಕಾಳು ಕಂಡವರು ಅಲ್ಲೇ ಕೂತು ಅಳುತ್ತಿದ್ದರು, ಇಲ್ಲವೇ ಬೈಗುಳದಲ್ಲಿ ಸೋದಿಕ್‌ನ ತಾಯಿಯನ್ನು ನೆನೆಯುತ್ತಿದ್ದರು.

ಸುದ್ದಿ ಕೇಳಿ ಸೋದಿಕ್ ಬಂದ. ಬಾಗಿಲಿಗೆ ಒರಗಿ ನಗುತ್ತಾ ನಿಂತ. "ಏನಜ್ಜಿ, ಸಿನಿಮಾ ತೋರಿಸ್ತಿದ್ದೀಯಂತೆ? ಗಾಜಿನ ಕೊಳವೇಲಿ ಏನು ಬೇಕಾದ್ರೂ ಕಾಣ್ತದೆ. ನಾಳೆ ನನ್ನ ಮುಖಾನೂ ಕಂಡೀತು."

"ನೀನು ಅರೆಯೋಕೆ ಸಿಕ್ಕಿದ್ರೆ ನೋಡ್ತೀವಿ," ಎಂದಳು ಅಜ್ಜಿ.

ಹೆಂಗಸರು ಕಿಸಕ್ಕನೆ ನಕ್ಕರು. ಸೋದಿಕ್‌ನ ನಗು ಇಂಗಿತು. "ನೋಡ್ರೇ," ಎಂದ, ದನಿ ಇಳಿಸಿ. "ಕಂಪನಿ ಮೊಟ್ಟೇಲಿ ರೋಗ ಐತೆ ಅಂದವಳ ಹೊಲ ಮೊದ್ಲು ಹೋಗ್ತದೆ. ಕಣ್ಣು ಬಿದ್ದದ್ದು ಅಂದವಳ ಹೊಲ ಉಳೀತದೆ. ಯಾವುದು ಅನ್ನೋದು ನಿಮಗೇ ಬಿಟ್ಟಿದ್ದು." ಹೋಗುವಾಗ ಸನೋಬರಳ ಕಾಲ ಬಳಿ ಉಗಿದು ಹೋದ.

ಅವನು ಹೋದ ಮೇಲೆ ಒಂದಿಬ್ಬರು ಮೆಲ್ಲಗೆ ಎದ್ದು ಮನೆ ದಾರಿ ಹಿಡಿದರು. ಹೊಲವಿಲ್ಲದೆ ಚಳಿಗಾಲ ಕಳೆಯುವುದು ಹೇಗೆಂದು ಎಲ್ಲರಿಗೂ ಗೊತ್ತಿತ್ತು. ಕಣ್ಣಿನ ಮಾತು ಆಡಿಯೂ ಹೊಲ ಹೋಗಿದ್ದ ಮತ್ಲುಬಾಗೆ ಮಾತ್ರ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.

"ಮೊಟ್ಟೆ ನಾವೇ ಮಾಡ್ಕೊಂಡ್ರೆ?" ಎಂದಳು ಸನೋಬರ್.

"ಗೂಡು ಸಣ್ಣವು ಬತ್ತವೆ," ಎಂದಳು ಅಜ್ಜಿ. "ಕಂಪನಿ ತಳಿ ಹಂಗೆ, ಎರಡನೇ ಸಲಕ್ಕೆ ಇಳುವರಿ ಇಳೀತದೆ. ಆದ್ರೆ ಸಾಯಲ್ಲ."

"ಸಣ್ಣವೇ ಬರ್ಲಿ. ಸತ್ರೆ ತಾನೆ ನನ್ನ ಕಣ್ಣಿನ ಮಾತು ಬರೋದು."

ತಿಳಿ ಹನಿಯ ಮನೆಗಳಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಿದಾಗ ಹೆಂಗಸರು ಕಂಪನಿಗೆ ಒಪ್ಪಿಸುವ ಗೂಡಿನಲ್ಲಿ ಹಿಡಿ ಹಿಡಿ ತೆಗೆದು ರೊಟ್ಟಿಯ ಬಟ್ಟೆಯಲ್ಲಿ ಅಡಗಿಸಿದರು. ಗೂಡು ಒಡೆದು ಚಿಟ್ಟೆ ಹೊರಗೆ ಬರುವುದನ್ನು ಆ ಊರಿನ ಹೆಚ್ಚಿನ ಹೆಂಗಸರು ಜೀವಮಾನದಲ್ಲೇ ನೋಡಿರಲಿಲ್ಲ. ಅವರು ಸಾಕಿದ ಹುಳುವಿಗೆಲ್ಲ ಗೂಡಿನೊಳಗೇ ಕುದಿಯುವ ಹಬೆಯಲ್ಲಿ ಸಾವು. ಬಿಳಿಯ, ಹಾರಲಾರದ ಚಿಟ್ಟೆಗಳು ಒದ್ದೆ ರೆಕ್ಕೆ ಬಡಿಯುತ್ತಾ ಹೊರಬಿದ್ದಾಗ ಶರಾಫತ್ "ಅಯ್ಯೋ, ಇವಕ್ಕೆ ಮುಖ ಐತೆ," ಎಂದು ಬಾಯಿ ಮೇಲೆ ಕೈಯಿಟ್ಟಳು.

ಒಂದೊಂದು ತಾಯಿಯೂ ಬೇರೆ ಬೇರೆ ಮೊಟ್ಟೆ ಇಡಬೇಕು, ಒಂದರದ್ದು ಇನ್ನೊಂದಕ್ಕೆ ಸೇರಬಾರದು. ಕಾರ್ಖಾನೆಯಲ್ಲಿ ಅದಕ್ಕೆಂದೇ ತಗಡಿನ ಮುಚ್ಚಳಗಳಿದ್ದವು. ಇಲ್ಲಿ ಹೆಂಗಸರು ಚಹಾ ಕುಡಿಯುವ ಪಿಂಗಾಣಿ ಬಟ್ಟಲುಗಳನ್ನು ಮಡಿಲಲ್ಲಿ ಹೊತ್ತು ತಂದು ಕಾಗದದ ಮೇಲೆ ಬೋರಲು ಹಾಕಿದರು. ಒಂದೊಂದು ಬಟ್ಟಲ ಕೆಳಗೆ ಒಂದೊಂದು ತಾಯಿ. ಊರ ಗಂಡಸರು ಚಹಾಕ್ಕೆ ಬಟ್ಟಲಿಲ್ಲದೆ ಉಪ್ಪಿನಕಾಯಿ ಶೀಸೆಯಲ್ಲಿ ಕುಡಿದು ತುಟಿ ಸುಟ್ಟುಕೊಂಡರು. ಯಾಕೆಂದು ಕೇಳಿದವರಿಗೆ "ಒಡೆದೋದ್ವು" ಎಂಬುದೇ ಎಲ್ಲ ಮನೆಯ ಉತ್ತರ.

ಮತ್ಲುಬಾ ಮಾತ್ರ ಒಂದು ದಿನ ಅಭ್ಯಾಸಬಲದಿಂದ ದೃಷ್ಟಿ ತೆಗೆಯುವ ಸೊಪ್ಪು ಕೆಂಡಕ್ಕೆ ಹಾಕಿ, ಹೊಗೆ ಎಬ್ಬಿಸಿಕೊಂಡು ಒಳಗೆ ಬಂದಳು. ಇಷ್ಟು ಚಂದದ ಮೊಟ್ಟೆಗೆ ಯಾರ ಕಣ್ಣೂ ಬೀಳದಿರಲಿ ಅಂತ. ಅಜ್ಜಿ ಪೊರಕೆ ತೆಗೆದುಕೊಂಡು ಅವಳನ್ನು ಅಂಗಳದ ತನಕ ಅಟ್ಟಿದಳು. "ಹೊಗೆಗೆ ಚಿಟ್ಟೆ ಸತ್ರೆ ಯಾರ ಕಣ್ಣು ಅಂತೀಯೇ ಆಗ, ಕತ್ತೆ?" ಸನೋಬರ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಗೆಯ ಎದುರಿಗೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಮೊಟ್ಟೆ ಇಟ್ಟು ಮುಗಿದ ತಾಯಿಗಳನ್ನು ಅರೆದು ನೋಡುವ ಕೆಲಸಕ್ಕೆ ಎಲ್ಲರೂ ಸರದಿಯಲ್ಲಿ ಕೂತರು. ಅಕ್ಷರ ಬಾರದ ಶರಾಫತ್‌ಗೂ ಕಾಳು ಗುರುತಿಸುವುದು ಬಂತು. ಕಾಳು ಕಂಡ ತಾಯಿಯ ಕಾಗದ ತಂದೂರಿನ ಬೆಂಕಿಗೆ ಹೋಯಿತು. ಉಳಿದವು ಚಳಿಗಾಲವೆಲ್ಲ ಅಜ್ಜಿಯ ನೆಲಮಾಳಿಗೆಯ ತಂಪಿನಲ್ಲಿ ಮಲಗಿದವು.

ಮತ್ತೆ ಹಿಪ್ಪುನೇರಳೆ ಚಿಗುರಿತು. ಸೋದಿಕ್ ಜೀಪಿನಲ್ಲಿ ಕಂಪನಿಯ ಇಬ್ಬರನ್ನು ಕೂರಿಸಿಕೊಂಡು ಬಂದು ಕಾಲುವೆ ದಂಡೆಯ ಮೇಲೆ ಮೊಟ್ಟೆ ಪೆಟ್ಟಿಗೆ ಇಳಿಸಿದ. ಮೊಟ್ಟೆಗಳಲ್ಲಿ ಆಗಲೇ ಮರಿಗಳ ತಲೆ ಕರಿ ಚುಕ್ಕೆಯಾಗಿ ಮೂಡಿತ್ತು, ಇವತ್ತೋ ನಾಳೆಯೋ ಒಡೆಯುವಂಥವು. ಹೆಂಗಸರು ಬಂದು ಸಾಲಾಗಿ ನಿಂತರು. ಯಾರೂ ಕೈ ಚಾಚಲಿಲ್ಲ.

"ನಮ್ಮತ್ರ ಐತೆ," ಎಂದಳು ಮತ್ಲುಬಾ.

"ಏನೈತೆ?"

"ಮೊಟ್ಟೆ. ನಿಮ್ದು ಬ್ಯಾಡ."

ಸೋದಿಕ್ ಅಜ್ಜಿಯ ಮನೆಗೆ ನುಗ್ಗಿದ. ರಜಾಯಿಗಳು ಅಂಗಳಕ್ಕೆ ಬಿದ್ದವು, ಹಿಟ್ಟಿನ ಡಬ್ಬ ಬೋರಲಾಯಿತು, ನೆಲಮಾಳಿಗೆಯಿಂದ ಬರಿಯ ಕುಂಬಳಕಾಯಿ ಉರುಳಿ ಬಂತು. ಮೊಟ್ಟೆ ಸಿಗಲಿಲ್ಲ. ಸಿಕ್ಕಿದ್ದು ದುರ್ಬೀನು ಒಂದೇ. ಅದನ್ನು ಕಂಕುಳಲ್ಲಿ ಇರುಕಿಕೊಂಡು ಬೆವರು ಒರೆಸುತ್ತಾ ದಂಡೆಗೆ ಬಂದ.

"ಎಲ್ಲಿಟ್ಟಿದ್ದೀರ್ರೇ ಸೂಳೇರಾ?"

ಹೆಂಗಸರು ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದರು. ಆ ಸೀಮೆಯ ಹೆಂಗಸರು ಮೊಟ್ಟೆಗೆ ಕಾವು ಕೊಡುವುದು ಹಿಂದಿನಿಂದಲೂ ಹಾಗೆಯೇ, ಹತ್ತಿ ಬಟ್ಟೆಯ ಚೀಲದಲ್ಲಿ ಕಟ್ಟಿ ರವಿಕೆಯೊಳಗೆ ಇಟ್ಟುಕೊಂಡು. ಗಂಡು ಹೆತ್ತ ಮುತ್ತೈದೆಯರಿಗೆ ಮಾತ್ರ ಇದ್ದ ಮರ್ಯಾದೆ ಅದು. ಈ ಸಲ ಸನೋಬರಳ ಎದೆಯಲ್ಲೂ ಒಂದು ಚೀಲ ಬೆಚ್ಚಗೆ ಕೂತಿತ್ತು.

"ಹುಡುಕು ರಯಿಸ್," ಎಂದಳು ಅಜ್ಜಿ. "ಎಲ್ಲೈತೆ ಅಂತ ನಿಂಗೂ ಗೊತ್ತು. ಊರೆಲ್ಲ ನೋಡ್ತಾ ಐತೆ. ಹಾಕು ಕೈ."

ಸೋದಿಕ್‌ನ ಮುಖ ಕೆಂಪಾಯಿತು. ಒಂದು ಹೆಜ್ಜೆ ಮುಂದಿಟ್ಟ. ಹೆಂಗಸರಲ್ಲಿ ಯಾರೂ ಹಿಂದೆ ಸರಿಯಲಿಲ್ಲ, ಅವನೇ ನಿಂತ. "ಎಲ್ಲಾರ ಹೊಲಾನೂ ಕಿತ್ಕೋತೀನಿ," ಎಂದು ಅರಚಿದ.

"ಕಿತ್ಕೋ," ಎಂದಳು ಮತ್ಲುಬಾ. "ಎಲ್ಲಾರ್ದೂ ಕಿತ್ಕೊಂಡ್ಮೇಲೆ ಉಳೋರು ಯಾರು? ನಿನ್ನ ಹೆಂಡ್ತಿನಾ?"

ಆಗ ಅವನು ಕಂಕುಳಲ್ಲಿದ್ದ ದುರ್ಬೀನನ್ನು ಎತ್ತಿ, ಮೈಯೆಲ್ಲ ತಿರುವಿ, ಕಾಲುವೆಗೆ ಎಸೆದ. ಹಿಮ ಕರಗಿದ ಕೆಂಪು ನೀರು ಅದನ್ನು ನುಂಗಿತು. "ಈಗ ನೋಡ್ರೇ," ಎಂದ. "ಬಗ್ಗಿ ಬಗ್ಗಿ ನೋಡ್ರೇ. ಇದು ಈ ಬಂಜೆ ಹಚ್ಚಿದ ಬೆಂಕಿ ಅಂತ ನಂಗೆ ಗೊತ್ತಿಲ್ವಾ?"

ಸನೋಬರ್ ಎದೆಯ ಚೀಲ ತೆಗೆದು ಮತ್ಲುಬಾಗೆ ಕೊಟ್ಟಳು. ಮತ್ಲುಬಾ ಅದನ್ನು ತನ್ನ ಚೀಲದ ಪಕ್ಕದಲ್ಲಿ ಇಟ್ಟುಕೊಂಡು ಗುಂಡಿ ಹಾಕಿದಳು. ಆಮೇಲೆ ತನ್ನ ತಲೆವಸ್ತ್ರ ಎಳೆದು ತೆಗೆದಳು. ಗಂಡಸರ ಎದುರು, ನಡುದಂಡೆಯಲ್ಲಿ, ಬರಿತಲೆ. "ಹಂಗೇ ಇಳೀಬ್ಯಾಡ, ಸೆಳೆತ ಐತೆ. ಸೊಂಟಕ್ಕೆ ಕಟ್ಕೋ," ಎಂದಳು. ಶರಾಫತ್ ತನ್ನದನ್ನು ಬಿಚ್ಚಿದಳು. ಅವಳ ಸೊಸೆ ಬಿಚ್ಚಿದಳು. ಒಂದಕ್ಕೊಂದು ಗಂಟು ಹಾಕುತ್ತಾ ಹೋದರು. ಗಂಡಸರು ನೋಡಲೂ ಆರದೆ ಬಿಡಲೂ ಆರದೆ ಕಾಲ ಕೆಳಗಿನ ಮಣ್ಣು ಕೆದಕಿದರು. ತೊಟ್ಟಿಲಿನಿಂದ ಮುದುಕಿಯಾಗುವ ತನಕ ಬಿಸಿಲು ಕಾಣದ ಕೂದಲು ಗಾಳಿಗೆ ಹಾರುತ್ತಿತ್ತು.

ಸನೋಬರ್ ನೀರಿಗಿಳಿದಳು. ಎದೆಮಟ್ಟದ ನೀರು. ಉಸಿರು ಕಟ್ಟುವಂಥ ಥಂಡಿ. ಪಾದದಿಂದ ತಳ ತಡವಿದಳು, ಬರಿ ಕೆಸರು. ಮುಳುಗಿ ಕೈಯಾಡಿಸಿದಳು, ಬೇರು ಸಿಕ್ಕಿತು, ಕಲ್ಲು ಸಿಕ್ಕಿತು. ಎದ್ದು ನಿಂತು ಉಗುಳಿದಳು. ಹಲ್ಲು ಕಟಕಟ ಅನ್ನುತ್ತಿತ್ತು.

"ಇನ್ನೊಂಚೂರು ಕೆಳಗಡೆ ಕಣೇ," ಎಂದು ಅಜ್ಜಿ ದಂಡೆಯಿಂದ ಕೂಗಿದಳು. "ನೀರು ತಳ್ಕೊಂಡು ಹೋಗಿರ್ತದೆ. ಗಾಜು ಒಡೆದಿರದಿದ್ರೆ ಸಾಕು."

ಹಿಂದೆ ಸೋದಿಕ್‌ನ ದನಿ ಬದಲಾಗಿತ್ತು. ಬಿಸಿಲು ಏರಿ ಪೆಟ್ಟಿಗೆಗಳ ಮೇಲೆ ಬಿದ್ದಿತ್ತು. ಒಂದರ ಮುಚ್ಚಳ ಎತ್ತಿ ನೋಡಿದವನು ಹಾಗೇ ಮುಚ್ಚಿದ. ಕೂದಲಿನಷ್ಟು ಸಣ್ಣ ಕರಿ ಮರಿಗಳು ಆಗಲೇ ಮೊಟ್ಟೆ ಒಡೆದು ಹರಿದಾಡುತ್ತಿದ್ದವು. "ಮರಿ ಎದ್ದವೆ. ಸೊಪ್ಪು ಹಾಕ್ಬೇಕು. ಯಾರಾದ್ರೂ ನೆರಳಿಗಾದ್ರೂ ಎತ್ತಿಡ್ರೇ," ಎನ್ನುತ್ತಿದ್ದ. ಕಂಪನಿಯ ಇಬ್ಬರೂ ತಮ್ಮ ಬೂಟು ನೋಡಿಕೊಂಡರು. ಹೆಂಗಸರಲ್ಲಿ ಒಬ್ಬಳೂ ಹಿಂತಿರುಗಲಿಲ್ಲ.

"ನಿಂಗೂ ಎರಡು ಕೈ ಅವಲ್ಲ ರಯಿಸ್," ಎಂದಳು ಸನೋಬರ್ ನೀರಿನಿಂದಲೇ, ನಡುಗುವ ದನಿಯಲ್ಲಿ. "ಮರ ಅಲ್ಲೈತೆ, ಹತ್ತು."

ಆಮೇಲೆ ದಂಡೆಯ ಕಡೆ ತಿರುಗಿ, "ಬಿಗಿಯಾಗಿ ಹಿಡ್ಕೊಳ್ರೇ," ಎಂದು ಮತ್ತೆ ಮುಳುಗಿದಳು.